ಬಲ್ಬು ಉರಿಯುವ ಬೀರು

"ಟಾರ್ಚನ್ನ ಹಿಂದಿನಿಂದ ಹಿಡಿ. ನೇರ ಬೇಡ, ಸ್ವಲ್ಪ ಓರೆ ಮಾಡು. ಹ್ಞಾ, ಈಗ ಒಳಗೆ ನೋಡು."

ಅವಳು ನೋಡಿದಳು. ಗಾಜು, ಗಾಜಿನ ಹಿಂದೆ ಇನ್ನೊಂದು ಗಾಜು, ನೇರಳೆ-ಹಸಿರು ಹೊಳಪು. ಚಿಕ್ಕಪ್ಪ ಲೆನ್ಸಿನ ಹಿಂಬದಿಯ ಪುಟ್ಟ ಲಿವರನ್ನು ಉಗುರಿನಿಂದ ಸರಿಸಿ ಹಿಡಿದರು. ಒಳಗಿನ ಅಪರ್ಚರ್ ಎಸಳುಗಳು ಪೂರ್ತಿ ತೆರೆದುಕೊಂಡವು. ಆಗ ಕಂಡಿತು: ಒಂದು ಗಾಜಿನ ಅಂಚಿಗೆ ಅಂಟಿಕೊಂಡು, ಕೂದಲಿಗಿಂತ ಸಣ್ಣ ಬಿಳಿ ಎಳೆಗಳು ಬೇರಿನ ಹಾಗೆ ಕವಲೊಡೆದು ನಡುವಿನತ್ತ ಹೊರಟಿದ್ದವು.

"ಧೂಳಲ್ವಾ ಇದು?"

"ಧೂಳಾದ್ರೆ ಚುಕ್ಕಿ ಚುಕ್ಕಿಯಾಗಿರ್ತಿತ್ತು. ಇದಕ್ಕೆ ಟಿಸಿಲು ಬಂದಿದೆ ನೋಡು. ಬೂಷ್ಟು, ಮಾರಾಯ್ತಿ. ಇವತ್ತಿನ ಫೋಟೊದಲ್ಲಿ ಏನೂ ಗೊತ್ತಾಗಲ್ಲ. ಎದುರು ಬೆಳಕಿಗೆ ಹಿಡಿದಾಗ ಮಬ್ಬು ಕವಿಯುತ್ತೆ. ಹಾಗೇ ಬಿಟ್ರೆ ಗಾಜಿನ ಲೇಪನವನ್ನೇ ತಿನ್ನುತ್ತೆ. ಆಮೇಲೆ ಒರೆಸಿದ್ರೂ ಗುರುತು ಹೋಗಲ್ಲ."

ತೀರ್ಥಹಳ್ಳಿಯಲ್ಲಿ ಮೂರು ದಿನದಿಂದ ಮಳೆ ಹೊಳವಾಗಿರಲಿಲ್ಲ. ಜಗಲಿಯ ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆಗಳು ಒಣಗುವ ಆಸೆ ಬಿಟ್ಟು ತೂಗಾಡುತ್ತಿದ್ದವು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಡಂ. ಅವರು ಮೂವತ್ತು ವರ್ಷ ಪೇಟೆಯಲ್ಲಿ ಸ್ಟುಡಿಯೋ ನಡೆಸಿ, ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಎಲ್ಲ ತೆಗೆದು, ಈಗ ಷಟರ್ ಎಳೆದು ಮನೆಯಲ್ಲಿ ಕೂತಿರುವ ಅವಳ ಚಿಕ್ಕಪ್ಪ. ಸೆಕೆಂಡ್ ಹ್ಯಾಂಡ್ ಲೆನ್ಸೊಂದನ್ನು ಅವಳು ಪರಿಚಯದವರಿಂದ ತಂದಿದ್ದಳು. 50 ಎಂಎಂ, ಎಫ್/1.8. "ನೋಡಿ ಬೇಡ ಅನ್ನಿಸಿದ್ರೆ ಸೋಮವಾರದೊಳಗೆ ವಾಪಸ್ ಕೊಡಿ" ಎಂಬ ಕರಾರಿತ್ತು. ಅದೇ ಪುಣ್ಯ.

"ವಾಪಸ್ ಕೊಡ್ತೀನಿ ಬಿಡಿ. ಬಾಡಿ ಯಾವುದು ತಗೊಳ್ಳೋದು ಅಂತ ಕೇಳೋಣ ಅಂತಲೇ ಬಂದೆ. ಎಂಬತ್ತು ಸಾವಿರ ಕೂಡಿಟ್ಟಿದೀನಿ," ಎಂದು ಅವಳು ಮೊಬೈಲಿನಲ್ಲಿ ಬರೆದಿಟ್ಟ ಪಟ್ಟಿ ತೆಗೆದಳು. ನಾಲ್ಕು ಕ್ಯಾಮೆರಾಗಳ ಹೆಸರು; ಪಕ್ಕದಲ್ಲಿ ಮೆಗಾಪಿಕ್ಸೆಲ್, ಸೆಕೆಂಡಿಗೆ ಎಷ್ಟು ಫ್ರೇಮು, ಫುಲ್ ಫ್ರೇಮ್ ಹೌದೋ ಅಲ್ಲವೋ. ಲೆನ್ಸಿನ ಕಾಲಂ ಇರಲಿಲ್ಲ.

ಚಿಕ್ಕಪ್ಪ ಪಟ್ಟಿ ಓದಲಿಲ್ಲ. ಎದ್ದು ಹೋಗಿ ನಡುಮನೆಯ ಮರದ ಬೀರು ತೆರೆದರು. ಕೆಳಗಿನ ಅರೆಯಲ್ಲಿ ಹಳೆಯ ಫಿಲಮೆಂಟ್ ಬಲ್ಬೊಂದು ಹಳದಿಯಾಗಿ ಉರಿಯುತ್ತಿತ್ತು. ಅದರ ಮೇಲಿನ ಜಾಲರಿ ಅರೆಯಲ್ಲಿ ಯಾಷಿಕಾ, ಎಫ್‌ಎಂ10, ಮೂರು ನಾಲ್ಕು ಲೆನ್ಸು.

"ಹಗಲು ಹೊತ್ತಲ್ಲಿ ಬೀರು ಒಳಗೆ ದೀಪ ಯಾಕೆ?"

"ನೀನೇ ಹೇಳು, ಸೈನ್ಸ್ ಟೀಚರು."

ಅವಳು ಒಂದು ಕ್ಷಣ ಯೋಚಿಸಿದಳು. "ಗಾಳಿ ಬೆಚ್ಚಗಾದ್ರೆ ಅದರ ಸಾಪೇಕ್ಷ ಆರ್ದ್ರತೆ ಇಳಿಯುತ್ತೆ."

"ಅದೇ. ಮಲೆನಾಡಿನ ಸ್ಟುಡಿಯೋದವರೆಲ್ಲ ಹೀಗೇ ಮಾಡ್ತಿದ್ದದ್ದು. ಒಂದು ವರ್ಷ ಈ ಬಲ್ಬು ಸುಟ್ಟುಹೋಯ್ತು, ಮನೆಯಲ್ಲಿದ್ದ ಎಲ್‌ಇಡಿ ಹಾಕ್ದೆ. ಬೆಳಕೇನೋ ಬಂತು, ಬಿಸಿ ಬರ್ಲಿಲ್ಲ. ದೀಪಾವಳಿಗೆ ನೋಡಿದ್ರೆ ಒಂದು ಒಳ್ಳೇ ಜೂಮು ಹೋಗಿತ್ತು." ಅವರು ಬೀರುವಿನ ಬಾಗಿಲು ಮುಚ್ಚಿದರು. "ನೀನು ಇದನ್ನ ಮಾಡೋದು ಬೇಡ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಳಗೆ ಒಂದು ಪುಟ್ಟ ಹೈಗ್ರೋಮೀಟರ್. ಮುಳ್ಳು ಶೇ 40, 50ರ ನಡುವೆ ಇದ್ರೆ ಸಾಕು. ನಿನ್ನ ಎಂಬತ್ತು ಸಾವಿರದಲ್ಲಿ ಮೊದಲ ಒಂದು ಸಾವಿರ ಅದಕ್ಕೆ. ಈಗ ಹೇಳು, ನಿನ್ನ ಹತ್ರ ಇರೋ ಕ್ಯಾಮೆರಾಕ್ಕೆ ಏನಾಗಿದೆ?"

ಅಣ್ಣ ದುಬೈಗೆ ಹೋಗುವಾಗ ಬಿಟ್ಟುಹೋದ ನಿಕಾನ್ ಡಿ3400 ಅವಳದು. ಜೊತೆಗೆ ಬಂದದ್ದು 18-55 ಲೆನ್ಸು. ಯಕ್ಷಗಾನದ ಹುಚ್ಚು ಅವಳಿಗೆ. ಮೇಳಗಳು ತಿರುಗಾಟದಲ್ಲಿರುವ ಆರು ತಿಂಗಳು ವಾರಕ್ಕೊಂದಾದರೂ ಆಟಕ್ಕೆ ಹೋಗುತ್ತಾಳೆ. ಮಳೆಗಾಲದಲ್ಲಿ ಮಂಡಗದ್ದೆಯ ಹಕ್ಕಿಗಳು. ಎರಡರಲ್ಲೂ ಫೋಟೊ ಅವಳ ಮನಸ್ಸಿನಲ್ಲಿದ್ದಂತೆ ಬರುವುದಿಲ್ಲ. ವೇಷದ ಮುಖ ಅಲುಗಿರುತ್ತದೆ, ಹಕ್ಕಿ ಸಾಸಿವೆಯಷ್ಟಿರುತ್ತದೆ.

"ಅದಕ್ಕೇ ಫುಲ್ ಫ್ರೇಮ್ ಯೋಚನೆ ಮಾಡಿದ್ದು. ಕತ್ತಲಲ್ಲಿ ಅದು ಚೆನ್ನಾಗಿ ಬರುತ್ತಂತೆ."

"ಬರುತ್ತೆ. ಎಷ್ಟು ಚೆನ್ನಾಗಿ ಅನ್ನೋದನ್ನ ಲೆಕ್ಕ ಹಾಕೋಣ. ಲ್ಯಾಪ್‌ಟಾಪ್ ತೆಗಿ."

ಹಿಂದಿನ ತಿರುಗಾಟದ ಫೋಟೊಗಳನ್ನು ಅವಳು ತೆರೆದಳು. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದ ಬೆನ್ನಿಗೂ ತನ್ನ ಜಾತಕ ಬರೆದಿಡುತ್ತದೆ: ಯಾವ ಲೆನ್ಸು, ಎಷ್ಟು ಎಂಎಂ, ಷಟರ್ ಎಷ್ಟು, ಅಪರ್ಚರ್ ಎಷ್ಟು, ಐಎಸ್‌ಒ ಎಷ್ಟು. ಅವಳ ಕಡತದಲ್ಲಿ ಆಟದ ಚಿತ್ರಗಳು 412. ಎಂಎಂ ಪ್ರಕಾರ ಜೋಡಿಸಿದಾಗ 290 ಚಿತ್ರಗಳು ಒಂದೇ ಕಡೆ ಗುಡ್ಡೆ ಬಿದ್ದವು. ಎಲ್ಲವೂ 55 ಎಂಎಂ, ಎಂದರೆ ಲೆನ್ಸು ಎಳೆಯುವಷ್ಟು ಎಳೆದ ಕೊನೆ. ಒಂದು ಚಿತ್ರ ಒತ್ತಿದರು. ದಿಗಿಣ ಹಾಕುತ್ತಿರುವ ಪುಂಡುವೇಷ. ಮುಖದ ಜಾಗದಲ್ಲಿ ಬಣ್ಣದ ಗೆರೆ. 1/60 ಸೆಕೆಂಡ್, ಎಫ್/5.6, ಐಎಸ್‌ಒ 6400.

"ನಿನ್ನ ಲೆನ್ಸು 55ಕ್ಕೆ ಹೋದಾಗ ಎಫ್/5.6ಕ್ಕಿಂತ ಜಾಸ್ತಿ ಬಾಯಿ ಬಿಡಲ್ಲ. ಎಫ್/1.8ರ ಲೆನ್ಸು ಹಾಕಿದ್ರೆ ಎಷ್ಟು ಬೆಳಕು ಹೆಚ್ಚು ಬರುತ್ತೆ?"

"5.6ನ್ನ 1.8ರಿಂದ ಭಾಗಿಸಿ ವರ್ಗ ಮಾಡ್ಬೇಕು." ಅವಳು ಮೊಬೈಲಿನಲ್ಲಿ ಒತ್ತಿದಳು. "ಒಂಬತ್ತು ಮುಕ್ಕಾಲು ಪಟ್ಟಿನ ಹತ್ರ ಬರುತ್ತೆ."

"ಬರ್ಕೋ. ಈಗ ಫುಲ್ ಫ್ರೇಮಿಂದು. ಅದರ ಸೆನ್ಸರು 36ಕ್ಕೆ 24 ಮಿಲಿಮೀಟರು. ನಿಂದು ಎಪಿಎಸ್-ಸಿ, ಸುಮಾರು 23.5ಕ್ಕೆ 15.6."

"864 ಭಾಗಿಸು 366... 2.36."

"ಅಂದ್ರೆ ಹೊಸ ಬಾಡಿ ಕೊಡೋದು ಎರಡು ಕಾಲು ಪಟ್ಟಿಗಿಂತ ಚೂರು ಹೆಚ್ಚು. ಲೆನ್ಸು ಕೊಡೋದು ಹತ್ತಿರ ಹತ್ತಿರ ಹತ್ತು ಪಟ್ಟು. ಎಂಬತ್ತು ಸಾವಿರನೂ ಹೋಗೋದು ಯಾವುದಕ್ಕೆ?"

ಅವಳು ಪಟ್ಟಿಯನ್ನೊಮ್ಮೆ ನೋಡಿ ಮೊಬೈಲು ಮಗುಚಿಟ್ಟಳು. ಆದರೆ ಅಷ್ಟು ಬೇಗ ಸೋಲುವವಳಲ್ಲ. "ಎರಡೂ ಇದ್ರೆ?"

"ಎರಡೂ ಇದ್ರೆ ಒಳ್ಳೇದೇ. ಆದ್ರೆ ಒಂದು ತಮಾಷೆ ಇದೆ. ನೀನು ಕೂರೋ ಜಾಗದಿಂದ ರಂಗಸ್ಥಳ ಏಳು ಮೀಟರ್ ಅಂತ ಇಟ್ಕೋ. ನಿನ್ನ ಕ್ಯಾಮೆರಾಕ್ಕೆ 85 ಎಂಎಂ ಹಾಕಿ ನಿಲ್ಲಿಸಿ ಹಿಡಿದ್ರೆ ಚೌಕಟ್ಟಿನೊಳಗೆ 1.9 ಮೀಟರ್ ಎತ್ತರ ಬರುತ್ತೆ. ಕೇದಗೆ ಮುಂದಲೆ ಕಟ್ಟಿದ ವೇಷ ಕಾಲಿಂದ ತಲೆವರೆಗೆ ತುಂಬಿ ನಿಲ್ಲುತ್ತೆ. ಅದೇ 85ನ್ನ ಫುಲ್ ಫ್ರೇಮಿಗೆ ಹಾಕಿದ್ರೆ ಮೂರು ಮೀಟರ್ ಬರುತ್ತೆ, ವೇಷ ಸಣ್ಣದಾಗುತ್ತೆ. ಅಷ್ಟೇ ದೊಡ್ಡದಾಗಿ ಬೇಕು ಅಂದ್ರೆ 135ರ ಹತ್ರದ ಲೆನ್ಸು ಹುಡುಕ್ಬೇಕು. ಅದೂ ಎಫ್/1.8 ಬೇಕು ಅಂದ್ರೆ ನಿನ್ನ ದುಡ್ಡು ಅಲ್ಲಿಗೇ ಮುಗೀತು."

"ಹಾಗಾದ್ರೆ ಅದಕ್ಕೆ 'ಫುಲ್' ಅಂತ ಯಾಕಂತಾರೆ? ನಮ್ಮದು ಅರ್ಧಂಬರ್ಧ ಅನ್ನೋ ಹಾಗೆ."

ಚಿಕ್ಕಪ್ಪ ನಕ್ಕರು. ಜರ್ಮನಿಯ ವೆಟ್ಸ್ಲಾರ್‌ನಲ್ಲಿ ಲೈಟ್ಸ್ ಕಂಪನಿಯಲ್ಲಿದ್ದ ಓಸ್ಕರ್ ಬಾರ್ನಾಕ್ ಎಂಬಾತ ಸಿನಿಮಾ ಫಿಲ್ಮನ್ನು ಅಡ್ಡಡ್ಡ ಹಾಯಿಸಿ, ಸಿನಿಮಾದ 18×24ರ ಎರಡು ಚೌಕಟ್ಟು ಸೇರಿಸಿ 24×36 ಮಾಡಿದ. ಆ ಕ್ಯಾಮೆರಾ ಲೈಕಾ ಎಂಬ ಹೆಸರಲ್ಲಿ 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಹೊರಬಂತು. ಹಳೆಯ ದೊಡ್ಡ ಪ್ಲೇಟು ಕ್ಯಾಮೆರಾಗಳ ಎದುರಿಗೆ ಅದು ಪುಟ್ಟ ಆಟಿಕೆ. ಫಿಲ್ಮಿನ ಅಳತೆ ಅದೇ ರೂಢಿಯಾಗಿ, ಡಿಜಿಟಲ್ ಬಂದಾಗ ಅಷ್ಟು ದೊಡ್ಡ ಸೆನ್ಸರ್ ಇರುವುದು 'ಫುಲ್' ಆಯಿತು.

"ನನ್ನ ಯಾಷಿಕಾದಲ್ಲಿ ಒಂದು ಚಿತ್ರ 56ಕ್ಕೆ 56 ಮಿಲಿಮೀಟರ್. ನಿನ್ನ ಫುಲ್ ಫ್ರೇಮಿನ ಮೂರೂವರೆ ಪಟ್ಟಿಗಿಂತ ದೊಡ್ಡದು. ಅದನ್ನ ಏನಂತ ಕರೀತೀಯ, ತುಂಬಿ ತುಳುಕೋ ಫ್ರೇಮು ಅಂತನಾ?"

ಒಳಗಿನಿಂದ ಚಿಕ್ಕಮ್ಮ ಕಾಫಿ ತಂದಿಟ್ಟು, ಟಾರ್ಚನ್ನು ಅಡುಗೆಮನೆಗೆ ಒಯ್ದರು. ಕರೆಂಟು ಹೋಗುವ ಹೊತ್ತಾಗಿತ್ತು.

ಚಿಕ್ಕಪ್ಪ ಮತ್ತೆ ಬೀರುವಿನತ್ತ ಹೋಗಿ, ಈ ಸಲ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿದ್ದೊಂದನ್ನು ತಂದರು. ಬಿಚ್ಚಿದರೆ ಗಿಡ್ಡನೆಯ ಕಪ್ಪು ಲೆನ್ಸು. ನಿಕಾನ್ ಎಎಫ್ 85 ಎಂಎಂ ಎಫ್/1.8ಡಿ. 1994ರಲ್ಲಿ ಬಂದ ಮಾಡೆಲು, ತೂಕ 380 ಗ್ರಾಂ. ಮದುಮಗಳ ಮುಖಕ್ಕೆಂದೇ ಅವರು ಇಟ್ಟುಕೊಂಡಿದ್ದು. ಅಪರ್ಚರಿನ ಬಳೆಯ ಮೇಲಿನ ಅಂಕಿಗಳ ಬಿಳಿ ಬಣ್ಣ ಬೆರಳು ತಾಗಿ ತಾಗಿ ಮಾಸಿತ್ತು. ಗಾಜು ಮಾತ್ರ ಕೊಳದ ನೀರಿನ ಹಾಗೆ.

"ಇದನ್ನ ಇಟ್ಕೋ."

"ನನಗಾ?" ಎಂದವಳೇ ತನ್ನ ಡಿ3400ಕ್ಕೆ ಲೆನ್ಸು ಸಿಕ್ಕಿಸಿದಳು. ಟಕ್ ಎಂದು ಕೂತಿತು. ನಿಕಾನ್ ತನ್ನ ಎಫ್ ಮೌಂಟನ್ನು ಶುರು ಮಾಡಿದ್ದು 1959ರಲ್ಲಿ. ಲೆನ್ಸು ಕೂರುವ ಬಾಯಿ ಅಂದಿನಿಂದ ಬದಲಾಗಿಲ್ಲ. ಅವಳು ಗೋಡೆಯ ಕ್ಯಾಲೆಂಡರಿಗೆ ಗುರಿಯಿಟ್ಟು ಬಟನ್ ಅರ್ಧ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಲೆನ್ಸು ಮಿಸುಕಲಿಲ್ಲ.

"ಕೆಟ್ಟಿದೆಯಾ?"

"ಕೆಟ್ಟಿಲ್ಲ. ಲೆನ್ಸಿನ ಹಿಂಭಾಗ ನೋಡು, ಸ್ಕ್ರೂಡ್ರೈವರ್ ಕೂರಿಸೋ ಹಾಗೆ ಒಂದು ಗೀರು ಕಾಣುತ್ತಾ? ಇದರೊಳಗೆ ಮೋಟಾರಿಲ್ಲ. 1986ರ ಎಫ್-501 ಕಾಲದಿಂದ ನಿಕಾನು ಫೋಕಸ್ ಮೋಟಾರನ್ನ ಬಾಡಿಯೊಳಗೆ ಇಡ್ತಿತ್ತು. ಬಾಡಿಯ ಮೋಟಾರು ಆ ಗೀರಿಗೆ ಸಿಕ್ಕಿ ಲೆನ್ಸನ್ನ ತಿರುಗಿಸ್ತಿತ್ತು. 2006ರಲ್ಲಿ ಡಿ40 ಬಂತು. ಬಾಡಿ ಸಣ್ಣದು ಮಾಡ್ಬೇಕು, ಅಗ್ಗ ಮಾಡ್ಬೇಕು ಅಂತ ಮೋಟಾರನ್ನೇ ತೆಗೆದ್ರು. ನಿನ್ನ ಡಿ3000 ಸಾಲು, ಡಿ5000 ಸಾಲು, ಎಲ್ಲ ಆ ಸಂತಾನ. ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಬರೆದಿರೋ, ಒಳಗೇ ಮೋಟಾರಿರೋ ಲೆನ್ಸು ಹಾಕಿದ್ರೆ ಮಾತ್ರ ಅದು ತಾನಾಗೇ ಫೋಕಸ್ ಮಾಡುತ್ತೆ."

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಡವುವುದು ಹೆಚ್ಚಾಗಿ ಇಲ್ಲೇ. ಬಾಯಿ ಕೂತರೆ ಸಂಬಂಧ ಕೂಡಿತು ಎಂದುಕೊಳ್ಳುತ್ತಾರೆ. ಕ್ಯಾನನ್‌ನ ಕಥೆ ಇದಕ್ಕೆ ತಿರುಗಾಮುರುಗಾ. 1971ರಿಂದ ನಡೆದುಕೊಂಡು ಬಂದ ತನ್ನ ಎಫ್‌ಡಿ ಮೌಂಟನ್ನು ಕ್ಯಾನನ್ 1987ರಲ್ಲಿ ಕೈಬಿಟ್ಟು, ಪ್ರತಿ ಲೆನ್ಸಿನೊಳಗೂ ಮೋಟಾರಿರುವ ಇಎಫ್ ಮೌಂಟ್ ತಂದಿತು. ಹಳೆಯ ಲೆನ್ಸಿದ್ದವರ ಗತಿ ಏನು ಎಂಬ ಗೊಣಗಾಟ ಆಗ ಬಹಳ ಇತ್ತು. ಇಂದು ನೋಡಿದರೆ, ಅದೇ 1987ರ ಇಎಫ್ ಲೆನ್ಸನ್ನು ಅಡಾಪ್ಟರ್ ಮೂಲಕ ಕ್ಯಾನನ್‌ನ ಹೊಸ ಆರ್‌ಎಫ್ ಮಿರರ್‌ಲೆಸ್‌ಗೆ ಹಾಕಿದರೂ ಆಟೋಫೋಕಸ್ ಆಗುತ್ತದೆ. ಮೌಂಟು ಬದಲಿಸದೆ ಮರ್ಯಾದೆ ಉಳಿಸಿಕೊಂಡ ನಿಕಾನ್‌ನಲ್ಲಿ ಚಿಕ್ಕಪ್ಪನ 85 ಗೋಡೆ ನೋಡುತ್ತ ಕೂತಿದೆ.

"ಹೊಸ ಮಿರರ್‌ಲೆಸ್ ನಿಕಾನ್ ತಗೊಂಡ್ರೆ? ಅದಕ್ಕೂ ಅಡಾಪ್ಟರ್ ಇದೆಯಲ್ಲ."

"ಎಫ್‌ಟಿಝಡ್ ಅಂತ ಇದೆ. ನಿಕಾನ್‌ನವರು ಅದರಲ್ಲೂ ಮೋಟಾರ್ ಇಟ್ಟಿಲ್ಲ. 2018ರದ್ದರಲ್ಲೂ ಇಲ್ಲ, ಆಮೇಲೆ ಬಂದ ಎರಡನೇದರಲ್ಲೂ ಇಲ್ಲ."

"ಹಳೇ ಲೆನ್ಸು ಹೊಸ ಬಾಡಿಗೆ ಹೋಗುತ್ತೆ, ಹೊಸ ಲೆನ್ಸು ಹಳೇ ಬಾಡಿಗೆ ಯಾಕೆ ಹೋಗಲ್ಲ?"

"ಕನ್ನಡಿ. ಡಿಎಸ್‌ಎಲ್‌ಆರ್ ಒಳಗೆ ಲೆನ್ಸಿಗೂ ಸೆನ್ಸರಿಗೂ ನಡುವೆ ಕನ್ನಡಿ ಏಳ್ಬೇಕು, ಕೂರ್ಬೇಕು. ಅದಕ್ಕೆ ಜಾಗ ಬಿಡ್ಬೇಕಲ್ಲ. ಎಫ್ ಮೌಂಟಿನಲ್ಲಿ ಆ ಅಂತರ 46.5 ಮಿಲಿಮೀಟರು. ಕನ್ನಡಿ ತೆಗೆದ ಮೇಲೆ ಝಡ್ ಮೌಂಟಿನಲ್ಲಿ ಬರೀ 16. ಮೂವತ್ತು ಚಿಲ್ಲರೆ ಮಿಲಿಮೀಟರಿನ ಕೊಳವೆ ಇಟ್ಟು ಹಳೇ ಲೆನ್ಸನ್ನ ಅದರ ಜಾಗಕ್ಕೆ ತರಬಹುದು. ಹೊಸ ಲೆನ್ಸನ್ನ ಹಳೇ ಬಾಡಿಯೊಳಗೆ ಹುಗಿಯೋಕಾಗುತ್ತಾ?"

ಅಲ್ಲಿಂದ ಮಾತು ಚಿಕ್ಕಪ್ಪನ ಮನಸ್ಸಿನಲ್ಲಿದ್ದ ಜಾಗಕ್ಕೆ ಬಂತು. ಅವರ ಸಲಹೆ ಸರಳ: ಸೆಕೆಂಡ್ ಹ್ಯಾಂಡ್ ಡಿ7200. 2015ರ ಬಾಡಿ, 24 ಮೆಗಾಪಿಕ್ಸೆಲ್, ಒಳಗೆ ಮೋಟಾರಿದೆ. 85 ಅದರಲ್ಲಿ ಜೀವ ಪಡೆಯುತ್ತದೆ. ಎಲ್ಲರೂ ಡಿಎಸ್‌ಎಲ್‌ಆರ್ ಮಾರಿ ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದ ಅಗ್ಗಕ್ಕೂ ಸಿಗುತ್ತದೆ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವವರ ಪಕ್ಕದಲ್ಲೇ ಕೂತು ತೆಗೆಯಲು ಒಂದು 35 ಎಂಎಂ ಎಫ್/1.8. ಮಿಕ್ಕ ದುಡ್ಡು ಹಕ್ಕಿಗೆ.

ಅವಳು ಕಾಫಿ ಲೋಟ ಕೆಳಗಿಟ್ಟಳು. "ಚಿಕ್ಕಪ್ಪ, ಒಂದು ಹೇಳ್ಲಾ? ನೀವು ಹೇಳ್ತಿರೋದು ನಿಮ್ಮ ಬೀರು ನೋಡ್ಕೊಂಡು."

"ಅಂದ್ರೆ?"

"ನಿಮ್ಮ 85 ಓಡ್ಬೇಕು ಅಂತ ನಾನು ಹತ್ತು ವರ್ಷ ಹಳೇ ಬಾಡಿ ತಗೋಬೇಕು. ನಿಕಾನ್ ಡಿ6, ಡಿ780 ತಂದಿದ್ದು 2020ರಲ್ಲಿ. ಆಮೇಲೆ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಐದು ವರ್ಷ ಬಿಟ್ಟು ಷಟರ್ ಹೋದ್ರೆ ಸ್ಪೇರ್ ಸಿಗುತ್ತಾ? ನಿಮ್ಮ ಶಿಷ್ಯನ ಮಿರರ್‌ಲೆಸ್ ನಾನು ಹಿಡಿದು ನೋಡಿದೀನಿ. ಕಣ್ಣಿಗೆ ಹಿಡಿದ್ರೆ ಫೋಟೊ ಹೇಗೆ ಬರುತ್ತೋ ಹಾಗೇ ಒಳಗೆ ಕಾಣುತ್ತೆ. ರಂಗಸ್ಥಳದಲ್ಲಿ ಕೆಂಪು ಲೈಟು ಹಾಕಿದಾಗ ವೇಷದ ಕೆಂಪೆಲ್ಲ ಕರಗಿ ಒಂದೇ ಮುದ್ದೆ ಆಗುತ್ತಲ್ಲ, ಅದನ್ನ ಒತ್ತೋ ಮೊದಲೇ ನೋಡಿ ಕಮ್ಮಿ ಮಾಡ್ಬಹುದು. ನನ್ನ ಕ್ಯಾಮೆರಾದಲ್ಲಿ ಅದು ಗೊತ್ತಾಗೋದು ಮನೆಗೆ ಬಂದ ಮೇಲೆ."

ಚಿಕ್ಕಪ್ಪ ತಕ್ಷಣ ಉತ್ತರ ಕೊಡಲಿಲ್ಲ. ಶಿಷ್ಯ ಎಂದರೆ ಅವರ ಸ್ಟುಡಿಯೋದಲ್ಲಿ ಬೆಳೆದು ಈಗ ಸ್ವಂತ ಮದುವೆ ಆರ್ಡರ್ ಮಾಡುವ ಹುಡುಗ. ಅವನ ಕ್ಯಾಮೆರಾ ಮದುಮಗಳ ಕಣ್ಣು ಹಿಡಿದರೆ ಬಿಡುವುದಿಲ್ಲ ಎಂದು ಅವರೇ ಒಮ್ಮೆ ಹೊಗಳಿದ್ದರು.

"ಅದು ಸರಿ," ಎಂದರು ಕೊನೆಗೆ. "ಹಕ್ಕಿಗಂತೂ ನೀನು ಹೇಳಿದ್ದೇ ಸರಿ. 2024ರಲ್ಲಿ ಬಂದ ಝಡ್50 ಎರಡನೇ ಮಾಡೆಲ್ ಹಕ್ಕಿನ ಹಕ್ಕಿ ಅಂತ ಗುರುತು ಹಿಡಿಯುತ್ತೆ. ಹಾರೋ ಬೆಳ್ಳಕ್ಕಿ ಹಿಂದೆ ಫೋಕಸ್ ಚುಕ್ಕಿ ಓಡಿಸೋ ಕೆಲಸ ನಿನಗೆ ಉಳಿಯಲ್ಲ. ಅಲ್ಲಿ ಬಾಡಿಗೆ ದುಡ್ಡು ಹಾಕಿದ್ದು ದಂಡ ಆಗಲ್ಲ. ಆದ್ರೆ ಬಣ್ಣದ ವೇಷದ ಮುಖ ಅದಕ್ಕೆ ಮುಖ ಅಂತ ಕಾಣುತ್ತಾ? ಚಿಟ್ಟಿ ಇಟ್ಟು, ಕಣ್ಣ ಸುತ್ತ ಕಪ್ಪು ಬಳಿದು, ಹಲ್ಲು ಕಟ್ಟಿದ ಮೇಲೆ?"

"ಗೊತ್ತಿಲ್ಲ. ಹಾಕಿ ನೋಡ್ಬೇಕು."

"ನೋಡೇ ತಗೋ. ಇನ್ನೊಂದು: 85 ಹಾಕಿದೆ ಅಂತ 1/500ಕ್ಕೆ ಹೋಗ್ಬೇಡ. ಈಗ ರಂಗಸ್ಥಳದಲ್ಲಿ ಪೂರ್ತಿ ಎಲ್‌ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಲೈಟು ಸೆಕೆಂಡಿಗೆ ನೂರು ಸಲ ಮಿಣುಕುತ್ತೆ. ಷಟರ್ ತೀರಾ ಚುರುಕಾದ್ರೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಂದು. ಅಡ್ಡಪಟ್ಟೆನೂ ಬರ್ಬಹುದು. 1/100 ಇಡು."

"1/100ಕ್ಕೆ ದಿಗಿಣ ನಿಲ್ಲುತ್ತಾ? ಲೆನ್ಸಲ್ಲಿ ವಿಆರ್ ಇದ್ರೆ?"

"ವಿಆರ್ ನಿನ್ನ ಕೈ ನಡುಕ ನಿಲ್ಲಿಸುತ್ತೆ, ಅವನ ಕುಣಿತ ನಿಲ್ಲಿಸಲ್ಲ. ದಿಗಿಣದ ನಡುವೆ ಒತ್ತಬೇಡ. ಚಂಡೆಯ ಮುಕ್ತಾಯಕ್ಕೆ ಕಾಲೂರಿ ನಿಂತು ಕತ್ತು ತಿರುಗಿಸ್ತಾನಲ್ಲ, ಅಲ್ಲಿ ಒತ್ತು. ಆಟ ನೋಡೋದು ನಿನಗೆ ಗೊತ್ತಿದೆ, ನನಗಿಂತ ಚೆನ್ನಾಗಿ."

ಅವಳು ಮೊಬೈಲಿನಲ್ಲಿ ಲೆಕ್ಕ ಹಾಕಿದಳು. 1/60, ಎಫ್/5.6ಕ್ಕೆ ಐಎಸ್‌ಒ 6400 ಬೇಕಿದ್ದ ಕಡೆ, 1/100, ಎಫ್/1.8 ಆದರೆ 1100 ಸಾಕು. 1/200ಕ್ಕೆ ಹೋದರೂ 2200. ಹೊಸ ಸೆನ್ಸರಿಲ್ಲದೆಯೇ ಕಾಳು ಕಾಳಾದ ಕಪ್ಪು ಹೋಗುತ್ತದೆ.

ಹಕ್ಕಿಯ ಲೆಕ್ಕ ಬೇರೆ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ನೋಡುವವರು ಈಚೆ ದಡದಲ್ಲಿ ನಿಲ್ಲಬೇಕು. ನಡುವೆ ಮಳೆಗಾಲದ ಹೊಳೆ. ನಡೆದು ಹತ್ತಿರ ಹೋಗುವ ಮಾತಿಲ್ಲ, ಹೋಗಲೂಬಾರದು.

"ಹಕ್ಕಿ ಅರವತ್ತು ಮೀಟರ್ ದೂರದಲ್ಲಿದೆ ಅಂತ ಇಟ್ಕೋ. ಎತ್ತರ ಅರವತ್ತು ಸೆಂಟಿಮೀಟರು. ನಿನ್ನ 55ರಲ್ಲಿ ಸೆನ್ಸರ್ ಮೇಲೆ ಎಷ್ಟು ದೊಡ್ಡದಾಗಿ ಬೀಳುತ್ತೆ?"

"ಅರ್ಧ ಮಿಲಿಮೀಟರ್ ಚಿಲ್ಲರೆ," ಎಂದಳು ಅವಳು. ಇದು ಒಂಬತ್ತನೇ ಕ್ಲಾಸಿನ ಸಮರೂಪ ತ್ರಿಭುಜ. "300ರಲ್ಲಿ ಮೂರು ಮಿಲಿಮೀಟರ್. 500ರಲ್ಲಿ ಐದು. ಸೆನ್ಸರ್ ಎತ್ತರ 15.6. ಅಂದ್ರೆ 500 ಹಾಕಿದ್ರೂ ಚೌಕಟ್ಟಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬರಲ್ಲ. ಆದ್ರೂ ನನಗೆ ನಿಕಾನಿನ 200-500 ಬೇಕು ಅಂತ ಆಸೆ. ಎಫ್/5.6."

"ತೂಕ ಗೊತ್ತಾ?"

"ಎರಡು ಕೆಜಿ ಮುನ್ನೂರು ಗ್ರಾಂ."

"ಅದು ಕಮ್ಮಿ ಆಗೋ ಹಾಗೇ ಇಲ್ಲ. 500ನ್ನ 5.6ರಿಂದ ಭಾಗಿಸಿದ್ರೆ 89 ಮಿಲಿಮೀಟರ್. ಅಷ್ಟಗಲದ ಗಾಜು ಮುಂದೆ ಇರ್ಲೇಬೇಕು. ಎಫ್/4 ಬೇಕು ಅಂದ್ರೆ 125. ಗಾಜು ಅಗಲ ಆದ ಹಾಗೆ ತೂಕನೂ ಏರುತ್ತೆ, ದುಡ್ಡೂ ಏರುತ್ತೆ. ಬಾ ಇಲ್ಲಿ."

ಅಡುಗೆಮನೆಯಲ್ಲಿ ಚಿಕ್ಕಪ್ಪ ಬಟ್ಟೆಚೀಲಕ್ಕೆ ಕುಚ್ಚಲಕ್ಕಿ ಸುರಿದು ತಕ್ಕಡಿಗೆ ತೂಗಿಸಿದರು. ಲೆನ್ಸು 2300, ಬಾಡಿ 765. ಒಟ್ಟು ಮೂರು ಕೆಜಿಯ ಮೇಲೆ ಒಂದು ಹಿಡಿ. ಚಿಕ್ಕಮ್ಮ ಸೌಟು ಹಿಡಿದುಕೊಂಡೇ ನೋಡುತ್ತಿದ್ದರು.

"ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿ. ಬೆಳ್ಳಕ್ಕಿ ರೆಕ್ಕೆ ಬಿಚ್ಚೋವರೆಗೆ ಇಳಿಸೋ ಹಾಗಿಲ್ಲ."

ಅವಳು ಎತ್ತಿದಳು. ಅರ್ಧ ನಿಮಿಷ ನಗು. ಒಂದು ನಿಮಿಷಕ್ಕೆ ನಗು ನಿಂತಿತು. ಒಂದೂವರೆ ನಿಮಿಷಕ್ಕೆ ಚೀಲದ ಮೂತಿ ಒಲೆಯ ಕಡೆ ವಾಲಿತು. "ಅಕ್ಕಿ ಚೆಲ್ಲಿದ್ರೆ ಇಬ್ರೂ ಆರಿಸ್ಬೇಕು" ಎಂದು ಚಿಕ್ಕಮ್ಮ ಚೀಲ ಕಿತ್ತುಕೊಂಡರು.

"ಮಾನೋಪಾಡ್ ಇಟ್ಕೋತೀನಿ," ಎಂದಳು ಅವಳು, ತೋಳು ತಿಕ್ಕಿಕೊಳ್ಳುತ್ತ.

"ಇಟ್ಕೋ. ಆದ್ರೆ ಮೊದಲು ಬೆಂಗಳೂರಿಂದ ಎರಡು ದಿನ ಬಾಡಿಗೆಗೆ ತಂದು ನೋಡು. ಸ್ಕೂಟಿಯಲ್ಲಿ ಮಂಡಗದ್ದೆಗೆ ಹೊತ್ಕೊಂಡು ಹೋಗಿ ಬಾ. ಹಳೇ 70-300 ವಿಆರ್ ಒಂದಿದೆ, 2006ರದ್ದು, 745 ಗ್ರಾಂ. ಒಳಗೇ ಮೋಟಾರಿದೆ, ನಿನ್ನ ಈಗಿನ ಕ್ಯಾಮೆರಾಕ್ಕೂ ಆಗುತ್ತೆ. ಹಕ್ಕಿ ಸಣ್ಣದಾಗೇ ಬರುತ್ತೆ, ಮರ, ಹೊಳೆ, ಗೂಡು ಎಲ್ಲ ಸೇರಿ ಒಂದು ಚಿತ್ರ ಆಗುತ್ತಾ ನೋಡು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಮೂಡಿಗೆರೆಯ ತೇಜಸ್ವಿ, ಎಲ್ಲ ಫಿಲ್ಮಿನ ಕಾಲದಲ್ಲೇ ಹಕ್ಕಿ ತೆಗೆದವರು. ಒಂದು ರೋಲಿಗೆ ಮೂವತ್ತಾರು. ಈಗ ನಿನ್ನ ಕ್ಯಾಮೆರಾ ಒಂದು ಬೆಳ್ಳಕ್ಕಿ ಏಳೋದ್ರೊಳಗೆ ಅಷ್ಟು ಹೊಡೆದುಬಿಡುತ್ತೆ."

ಕರೆಂಟು ಹೋಯಿತು. ಬೀರುವಿನ ಸಂದಿಯಿಂದ ಬರುತ್ತಿದ್ದ ಹಳದಿ ಗೆರೆಯೂ ಆರಿತು. ಜಗಲಿಯ ಬೆಳಕಿಗೆ ಬಂದು ಕೂತು ಅವಳು ಹೊಸ ಪಟ್ಟಿ ಬರೆದಳು. ಚಿಕ್ಕಪ್ಪ ಹೇಳುತ್ತ ಹೋದರು. ಬಾಡಿ ಸೆಕೆಂಡ್ ಹ್ಯಾಂಡ್ ಆದರೆ ಅದರಲ್ಲೇ ಒಂದು ಫೋಟೊ ತೆಗೆದು ಷಟರ್ ಎಷ್ಟು ಸಲ ಬಿದ್ದಿದೆ ನೋಡಬೇಕು. ನಿಕಾನ್‌ನಲ್ಲಿ ಆ ಅಂಕಿ ಚಿತ್ರದೊಳಗೇ ಇರುತ್ತದೆ. ಡಿ7200ರ ಷಟರನ್ನು ಕಂಪನಿ ಪರೀಕ್ಷಿಸಿರುವುದು ಒಂದೂವರೆ ಲಕ್ಷ ಸಲಕ್ಕೆ. ಎಫ್/16ಕ್ಕೆ ಇಟ್ಟು ಬಿಳಿ ಗೋಡೆ ತೆಗೆದರೆ ಸೆನ್ಸರಿನ ಧೂಳು ಬೂದು ಚುಕ್ಕಿಗಳಾಗಿ ಕಾಣುತ್ತದೆ. ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು, ಮೌಂಟಿನ ಲೋಹದಲ್ಲಿ ಜೋಲು ಇರಬಾರದು. ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆಂದು ಲೆಕ್ಕ. ಬಿಲ್ಲು ಇರಬೇಕು. ಲೆನ್ಸಿಗೆ ಟಾರ್ಚು.

ಪಟ್ಟಿಯ ಕೊನೆಯಲ್ಲಿ ಅವಳು ಎರಡು ಸಾಲು ಬಿಟ್ಟು ಒಂದು ಪ್ರಶ್ನೆ ಹಾಕಿದಳು: 'ಡಿ7200 ಅಥವಾ ಮಿರರ್‌ಲೆಸ್?' ಅದರ ಮುಂದೆ ಏನೂ ಬರೆಯಲಿಲ್ಲ. ಮೇಳಗಳು ಹೊರಡಲು ಇನ್ನೂ ನಾಲ್ಕು ತಿಂಗಳಿತ್ತು. ಶಿಷ್ಯನ ಕ್ಯಾಮೆರಾವನ್ನು ಮೊದಲ ಆಟಕ್ಕೆ ಕೇಳಿ ಇಸಿದುಕೊಳ್ಳುವುದೆಂದು ಮಾತಾಯಿತು.

"ಅಲ್ಲೀವರೆಗೆ ಈ 85 ಏನು ಮಾಡ್ಲಿ?"

"ಶನಿವಾರ ದೇವಸ್ಥಾನದಲ್ಲಿ ತಾಳಮದ್ದಳೆ ಇದೆ. ಹೋಗಲ್ವಾ?"

ಹೋಗದೆ ಇರುತ್ತಾಳೆಯೇ. ಮಳೆಗಾಲದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ವಾದ ಹೂಡುತ್ತಾರೆ. ಕೂತವರ ಮೇಲೆ ಕೈಯಿಂದ ಫೋಕಸ್ ತಿರುಗಿಸಲು ಸಮಯವಿರುತ್ತದೆ. ಮೂರು ಮೀಟರ್ ದೂರಕ್ಕೆ, ಎಫ್/1.8ರಲ್ಲಿ, ಈ ಲೆನ್ಸು ಸ್ಪಷ್ಟವಾಗಿ ಹಿಡಿಯುವ ಆಳ ಒಂಬತ್ತು ಸೆಂಟಿಮೀಟರ್ ಮಾತ್ರ, ಅರ್ಧ ಗೇಣೂ ಇಲ್ಲ. ಕರ್ಣ ಕೃಷ್ಣನ ಮಾತಿಗೆ ಮುಂದಕ್ಕೆ ಬಾಗಿದರೆ ಕಣ್ಣು ತಪ್ಪುತ್ತದೆ.

ಅವಳು ಕ್ಯಾಮೆರಾ ಎತ್ತಿ, ಜಗಲಿಯಲ್ಲಿ ಕೂತ ಚಿಕ್ಕಪ್ಪನ ಮುಖಕ್ಕೆ ಹಿಡಿದಳು. ಪರದೆಯ ಮೇಲೆ ಮೂರು ಅಕ್ಷರ ಮಿನುಗಿದವು: ಎಫ್‌ಇಇ. ಷಟರ್ ಬೀಳಲಿಲ್ಲ.

"ಇದೇನು?"

"ಕೊಡು ಇಲ್ಲಿ." ಅವರು ಲೆನ್ಸಿನ ಬಳೆಯನ್ನು 16ರ ಕಿತ್ತಳೆ ಅಂಕಿಗೆ ತಿರುಗಿಸಿ, ಪಕ್ಕದ ಸಣ್ಣ ಬೀಗ ಸರಿಸಿದರು. "ಇದು ಇಲ್ಲಿ ಇದ್ರೇನೇ ನಿನ್ನ ಕ್ಯಾಮೆರಾ ಇದರ ಮಾತು ಕೇಳೋದು. ಅಪರ್ಚರ್ ಬಾಡಿಯಿಂದ ಬದಲಿಸು. ಕಣ್ಣಿಗೆ ಹಿಡಿದು ಫೋಕಸ್ ತಿರುಗಿಸ್ತಾ ಹೋಗು, ಎಡ ಮೂಲೆಯಲ್ಲಿ ಹಸಿರು ಚುಕ್ಕಿ ನಿಂತಾಗ ಒತ್ತು."

ಅವಳು ತಿರುಗಿಸಿದಳು. ಚುಕ್ಕಿ ಬಂತು, ಹೋಯಿತು, ಮತ್ತೆ ಬಂದು ನಿಂತಿತು.

"ಅಲ್ಲಾಡ್ಬೇಡಿ ಚಿಕ್ಕಪ್ಪ."

"ನಾನು ಎಲ್ಲಿ ಅಲ್ಲಾಡ್ತಿದೀನಿ? ನೀನು ಉಸಿರು ಬಿಡು."